ಹುಡುಗರು ಬೆಳೆದು ನಿಂತ ಆ 31 ದಿನ!

ಸಿನಿಮಾ ಸೆಟ್ಟಿನಲ್ಲಿ ಕಣ್ಣಿಗೆ ಬಿದ್ದ ಒಂದು ಸಿತಾರ್... ರೆಕಾರ್ಡಿಂಗ್ ನಡುವೆ ಪಟ್ಟನೆ ಕಿತ್ತುಹೋದ ತಂತಿ... ಬೇರೆ ತಂತಿ ಕೊಟ್ಟು ಕಾಪಾಡಿದವರು ಕನ್ನಡ ನಾಡಿನಿಂದ ಹೋದ ಒಬ್ಬ ಮಹನೀಯರು! ‘ಬೀಟಲ್ಸ್’ ತಂಡದ ‘ರಬ್ಬರ್ ಸೋಲ್’ ತಟ್ಟೆಯ ಹಿಂದಿನ ಸ್ವಾರಸ್ಯದ ಕಥೆ ಇದು.

1965ರ ಏಪ್ರಿಲ್. ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೋ. ಹಾಕಿರುವ ಸೆಟ್ಟು ಒಂದು ಇಂಡಿಯನ್ ಹೋಟೆಲಿನದು. ಒಂದು ಕಡೆ ಕೂತು ನುಡಿಸಲು ಭಾರತೀಯ ವಾದ್ಯಗಾರರನ್ನು ಕರೆಸಿದ್ದಾರೆ. ಶಾಟಿಗೂ ಶಾಟಿಗೂ ನಡುವೆ ಲೈಟು ಸರಿಪಡಿಸುವ ಗಲಾಟೆ. ಸಿನಿಮಾ ಶೂಟಿಂಗ್ ನೋಡಿದವರಿಗೆ ಗೊತ್ತು, ಆ ಬಿಡುವು ಎಷ್ಟು ಬೇಸರದ್ದು ಅಂತ. ಚಿತ್ರದ ನಾಲ್ವರು ನಾಯಕರಲ್ಲಿ ಕಿರಿಯವನು ಮೆಲ್ಲಗೆ ವಾದ್ಯಗಾರರ ಕಡೆ ಹೋದ. ಅಲ್ಲಿದ್ದ ಸಿತಾರನ್ನು ಎತ್ತಿಕೊಂಡ. ಹಿಡಿಯುವುದು ಹೇಗೆ, ಮೀಟುವುದು ಹೇಗೆ, ಒಂದೂ ಗೊತ್ತಿಲ್ಲ. ಆದರೆ ಆ ಸದ್ದು ಕಿವಿಯೊಳಗೆ ಹೊಕ್ಕಿದ್ದು ಮತ್ತೆ ಹೊರಗೆ ಬರಲೇ ಇಲ್ಲ!

ಆ ಹುಡುಗ ಜಾರ್ಜ್ ಹ್ಯಾರಿಸನ್. ವಯಸ್ಸು 22. ಚಿತ್ರದ ಹೆಸರು ‘ಹೆಲ್ಪ್!’. ನಿರ್ದೇಶಕ ರಿಚರ್ಡ್ ಲೆಸ್ಟರ್. ತಂಡ ಯಾವುದೆಂದು ಬೇರೆ ಹೇಳಬೇಕೆ? ‘ಬೀಟಲ್ಸ್’!

ಆ ಚಿತ್ರದ ಕಥೆ ಕೇಳಿದರೆ ನಮಗೆ ನಗು ಬರುತ್ತದೆ. ‘ಕೈಲಿ’ ಎಂಬ ದೇವಿಗೆ ನರಬಲಿ ಕೊಡುವ ಒಂದು ಪಂಗಡ. ಬಲಿಗೆ ಬೇಕಾದ ಉಂಗುರ ಹೇಗೋ ಡ್ರಮ್ಮರ್ ರಿಂಗೋ ಬೆರಳಿಗೆ ಬಂದು ಸಿಕ್ಕಿಕೊಂಡಿದೆ. ಅದಕ್ಕಾಗಿ ದೇಶದಿಂದ ದೇಶಕ್ಕೆ ಓಟವೋ ಓಟ. ಪೂರ್ವದೇಶ ಅಂದರೆ ನರಬಲಿ, ಪೇಟ, ಕತ್ತಿ. ಅವರಿಗಿದ್ದ ತಿಳಿವಳಿಕೆ ಅಷ್ಟೇ ಬಿಡಿ! ಆದರೆ ನೋಡಿ ವಿಧಿಯಾಟ. ನಮ್ಮ ಕಡೆಯವರನ್ನು ಗೇಲಿ ಮಾಡಿದ ಅದೇ ಚಿತ್ರದ ಸೆಟ್ಟಿನಿಂದ ನಮ್ಮ ವಾದ್ಯವೊಂದು ಎದ್ದು ಹೋಗಿ, ಅದೇ ವರ್ಷ ಜಗತ್ತಿನ ಅತಿ ಜನಪ್ರಿಯ ತಂಡದ ತಟ್ಟೆಯೊಳಗೆ ಕೂತುಬಿಟ್ಟಿತು. ಆ ತಟ್ಟೆಯೇ ‘ರಬ್ಬರ್ ಸೋಲ್’.

ಕುಣಿಸುವ ಹುಡುಗರು ಕಲಾವಿದರಾಗಿ ಬದಲಾದದ್ದು ಇದರಲ್ಲೇ ಅಂತ ಬಲ್ಲವರು ಹೇಳುತ್ತಾರೆ. ನಿಜ. ಆದರೆ ಅದು ಒಂದೇ ಜಿಗಿತಕ್ಕೆ ಆದದ್ದಲ್ಲ.

ಕೈಯಲ್ಲೇ ಇತ್ತು ಗೆಲ್ಲುವ ಫಾರ್ಮುಲಾ

1965ರಲ್ಲಿ ಬೀಟಲ್ಸ್ ಎಂದರೆ ಹುಚ್ಚು. ಬರೀ ಹುಚ್ಚು. ಆಗಸ್ಟ್ 15ರಂದು ನ್ಯೂಯಾರ್ಕಿನ ಷೇ ಸ್ಟೇಡಿಯಂನಲ್ಲಿ ಅವರ ಕಛೇರಿ. ಸೇರಿದವರು 55 ಸಾವಿರಕ್ಕೂ ಹೆಚ್ಚು ಜನ. ಹುಡುಗಿಯರ ಚೀರಾಟ ಎಷ್ಟಿತ್ತೆಂದರೆ ತಾವು ಏನು ಹಾಡುತ್ತಿದ್ದೇವೆ, ಏನು ನುಡಿಸುತ್ತಿದ್ದೇವೆ ಅನ್ನುವುದು ಹಾಡುವವರಿಗೇ ಕೇಳಿಸುತ್ತಿರಲಿಲ್ಲ. ಸರಿಯಾಗಿ ಹಾಡಿದರೂ ಶಿಳ್ಳೆ, ತಪ್ಪಿ ಹಾಡಿದರೂ ಶಿಳ್ಳೆ!

ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ದೊಡ್ಡವರಾದ ಜಾನ್ ಮತ್ತು ರಿಂಗೋಗೇ ಆ ಅಕ್ಟೋಬರಿನಲ್ಲಿ 25 ವರ್ಷ. ಪಾಲ್‌ಗೆ 23. ಲಿವರ್‌ಪೂಲ್ ಊರಿನ ಸಾಮಾನ್ಯ ಮನೆಗಳ ಹುಡುಗರು. ಎರಡು-ಎರಡೂವರೆ ನಿಮಿಷದ ಪ್ರೇಮಗೀತೆ, ನಡುವೆ ಒಂದು ಕೂಗು, ತಲೆ ಅಲ್ಲಾಡಿಸಿದರೆ ಹಾರುವ ಕ್ರಾಪು. ಮಾಡಿದ್ದೆಲ್ಲ ಹಿಟ್.

ಇಂಥ ಹೊತ್ತಿನಲ್ಲಿ ಯಾರಾದರೂ ಏನು ಮಾಡುತ್ತಾರೆ? ನಾಲ್ಕು ಫೈಟು, ಐದು ಹಾಡಿನ ಚಿತ್ರ ನೂರು ದಿನ ಓಡಿತೆಂದರೆ ಮುಂದಿನ ಚಿತ್ರಕ್ಕೂ ಅದನ್ನೇ ಬೇಯಿಸುತ್ತಾರೆ. ಗಲ್ಲಾಪೆಟ್ಟಿಗೆ ತುಂಬುವಾಗ ದಾರಿ ಬದಲಿಸುವ ಧೈರ್ಯ ಯಾರಿಗಿದೆ? ಅದರಲ್ಲೂ ಅಭಿಮಾನಿಗಳಾದ ನಾವು ಇದ್ದೀವಲ್ಲ, ನಮ್ಮ ಹೀರೋ ಸ್ವಲ್ಪ ಬದಲಾದರೂ ಸಹಿಸುವವರಲ್ಲ!

ಕ್ರಿಸ್‌ಮಸ್ ಹತ್ತಿರ ಬಂತು, ಹಾಡು ಎಲ್ಲಿ?

ಕಂಪನಿಗೆ ಕ್ರಿಸ್‌ಮಸ್ ವ್ಯಾಪಾರಕ್ಕೆ ಒಂದು ಹೊಸ ಎಲ್.ಪಿ. ಬೇಕು. ಇವರ ಕೈಯಲ್ಲಿ ಸಾಕಷ್ಟು ಹಾಡಿಲ್ಲ. 1965ರ ಅಕ್ಟೋಬರ್ 12ರಂದು ಲಂಡನ್ನಿನ ಅಬ್ಬೆ ರೋಡ್‌ನಲ್ಲಿರುವ ಇ.ಎಂ.ಐ. ಸ್ಟುಡಿಯೋಕ್ಕೆ ಕಾಲಿಟ್ಟರು. ನವೆಂಬರ್ 11ರ ರಾತ್ರಿ ಕೂತವರು ಬೆಳಗಾಗುವವರೆಗೆ ಹಾಡಿ ಕೆಲಸ ಮುಗಿಸಿದರು. ಡಿಸೆಂಬರ್ 3ಕ್ಕೆ 14 ಹಾಡಿನ ತಟ್ಟೆ ಅಂಗಡಿಯಲ್ಲಿ! ಅದೇ ದಿನ ಬೇರೆ ಎರಡು ಹಾಡಿನ ಒಂದು ಸಣ್ಣ ತಟ್ಟೆ ಕೂಡ. ಈ ನಡುವೆ ಅಕ್ಟೋಬರ್ 26ರಂದು ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ರಾಣಿ ಎಲಿಜಬೆತ್ ಕೈಯಿಂದ ಎಂ.ಬಿ.ಇ. ಪದಕ ಬೇರೆ ತೆಗೆದುಕೊಂಡು ಬಂದರು.

ಆಗಿನ ಧ್ವನಿಮುದ್ರಣದ ಅನುಕೂಲವಾದರೂ ಎಷ್ಟು? ಟೇಪಿನಲ್ಲಿ ನಾಲ್ಕೇ ಟ್ರ್ಯಾಕು. ಡ್ರಮ್ಮು, ಗಿಟಾರು, ಹಾಡು, ಮೇಳ, ಎಲ್ಲವನ್ನೂ ಆ ನಾಲ್ಕು ಪಟ್ಟಿಗಳಲ್ಲೇ ಹೊಂದಿಸಬೇಕು. ಧ್ವನಿಗ್ರಾಹಕ ನಾರ್ಮನ್ ಸ್ಮಿತ್. ಎಲ್ಲಕ್ಕೂ ಮೇಲೆ ನಿಂತು ನಡೆಸಿದವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಇವರು ಕ್ರಮವಾಗಿ ಸಂಗೀತ ಕಲಿತವರು. ಬೀಟಲ್ಸ್ ಹುಡುಗರಿಗೆ ಸ್ವರಲಿಪಿ ಓದಲು ಬಾರದು. ಅವರ ತಲೆಯಲ್ಲಿದ್ದದ್ದನ್ನು ಹಿಡಿದು ತಟ್ಟೆಗೆ ಇಳಿಸಿದ್ದು ಮಾರ್ಟಿನ್. ಗುರು ಅನ್ನಿ, ಅಣ್ಣ ಅನ್ನಿ, ಎರಡೂ ಸರಿ.

ಒಂದೇ ದಿನ, ಎರಡು ಹಾಡು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ದಿನ, ಅಂದರೆ ಅಕ್ಟೋಬರ್ 12ರಂದು, ಅವರು ಎರಡು ಹಾಡು ಕೈಗೆತ್ತಿಕೊಂಡರು. ಎರಡೂ ಜಾನ್ ತಂದ ಹಾಡುಗಳೇ.

ಒಂದು, ‘ರನ್ ಫಾರ್ ಯುವರ್ ಲೈಫ್’. ಹುಡುಗಿ ಇನ್ನೊಬ್ಬನ ಜೊತೆ ಕಂಡರೆ ಮುಗಿಸಿಬಿಡುತ್ತೇನೆ ಎಂದು ಬೆದರಿಸುವ ಹಾಡು. ಅದರ ಒಂದು ಸಾಲನ್ನು ಎಲ್ವಿಸ್ ಪ್ರೀಸ್ಲಿ ಹಾಡಿದ ಹಳೆಯ ಹಾಡೊಂದರಿಂದ ಎತ್ತಿದ್ದು. ಹುಡುಗಿ ನನ್ನ ಸ್ವತ್ತು ಅನ್ನುವ ಪುಂಡನ ಮಾತು. ಮುಂದೆ ಜಾನ್‌ಗೇ ಈ ಹಾಡು ಕಂಡರಾಗುತ್ತಿರಲಿಲ್ಲ. ಬರೆಯಬಾರದಿತ್ತು ಅಂತ ತಾನೇ ಒಪ್ಪಿಕೊಂಡ.

ಇನ್ನೊಂದು, ‘ನಾರ್ವೀಜಿಯನ್ ವುಡ್’. ಇಲ್ಲೂ ಒಬ್ಬ ಹುಡುಗಿ, ಒಬ್ಬ ಗಂಡಸು. ಆದರೆ ಕಥೆಯೇ ಬೇರೆ! ಅವಳೇ ಅವನನ್ನು ತನ್ನ ಕೋಣೆಗೆ ಕರೆಯುತ್ತಾಳೆ. ಕೂರಲು ಕುರ್ಚಿ ಇಲ್ಲ. ಮಾತಾಡುತ್ತ ನಡುರಾತ್ರಿಯಾಗುತ್ತದೆ. ಆಮೇಲೆ ಅವಳು ಬೆಳಿಗ್ಗೆ ಕೆಲಸವಿದೆ ಎಂದು ನಕ್ಕುಬಿಡುತ್ತಾಳೆ. ಇವನು ಸ್ನಾನದ ತೊಟ್ಟಿಯಲ್ಲಿ ಮಲಗಬೇಕು! ಎದ್ದು ನೋಡಿದರೆ ಹಕ್ಕಿ ಹಾರಿಹೋಗಿದೆ. ಕೊನೆಗೆ ಇವನು ಬೆಂಕಿ ಹಚ್ಚುತ್ತಾನೆ. ಚಳಿಗೆ ಒಲೆ ಹಚ್ಚಿದನೋ, ಸಿಟ್ಟಿಗೆ ಮನೆಗೇ ಹಚ್ಚಿದನೋ, ಹಾಡು ಬಾಯಿ ಬಿಡುವುದಿಲ್ಲ. ಸಿಟ್ಟಿಗೇ ಹಚ್ಚಿದ್ದು ಅಂತ ಮುಂದೆ ಪಾಲ್ ಗುಟ್ಟು ಬಿಟ್ಟುಕೊಟ್ಟ.

ಜಾನ್ ಆಗ ಮದುವೆಯಾಗಿದ್ದವನು. ತನ್ನದೊಂದು ಹೊರಗಿನ ಸಂಬಂಧವನ್ನು ಹೆಂಡತಿಗೆ ಗೊತ್ತಾಗದ ಹಾಗೆ ಮರೆಮಾಡಿ ಬರೆದದ್ದು ಇದು ಎಂದು ಅವನೇ ಮುಂದೆ ಹೇಳಿದ. ಒಳ್ಳೆಯ ಕೆಲಸ ಅಂತ ಯಾರೂ ಹೇಳುವುದಿಲ್ಲ. ಆದರೆ ಹಾಡಿನೊಳಗೆ ಗಂಡಸು ಸೋತಿದ್ದಾನೆ. ಬೆಪ್ಪನಾಗಿದ್ದಾನೆ. ಅದನ್ನು ಮುಚ್ಚಿಡದೆ ಹಾಡುತ್ತಾನೆ. ಅಮೆರಿಕದ ಬಾಬ್ ಡೈಲನ್ ಹಾಡುಗಳನ್ನು ಕೇಳಿ ಕೇಳಿ ಜಾನ್‌ಗೆ ಹೊಳೆದಿದ್ದ ದಾರಿ ಅದು.

ಮೀಸೆ ತಿರುವುವ ಹಾಡೂ ಅವನದೇ, ತನ್ನನ್ನೇ ನೋಡಿ ನಗುವ ಹಾಡೂ ಅವನದೇ. ಒಂದೇ ದಿನ, ಒಂದೇ ಸ್ಟುಡಿಯೋ. ಹಳೆಯ ಜಾನ್ ಹೋಗಿ ಹೊಸ ಜಾನ್ ಬಂದದ್ದಲ್ಲ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು! ತಟ್ಟೆ ಸಿದ್ಧವಾದಾಗ ಮೊದಲು ಮುದ್ರಿಸಿದ ಬೆದರಿಕೆಯ ಹಾಡು ಕಟ್ಟಕಡೆಗೆ ಹೋಯಿತು. ‘ನಾರ್ವೀಜಿಯನ್ ವುಡ್’ ಎರಡನೆಯದಾಗಿ ಮುಂದೆ ಬಂತು.

ಸಿತಾರ್ ಅಂಗಡಿಯಲ್ಲಿ, ತಂತಿ ಅಂಗಡಿಯವರಲ್ಲಿ!

ಆ ಹಾಡಿಗೆ ಏನೋ ಒಂದು ಕಡಿಮೆ ಅನ್ನಿಸುತ್ತಿತ್ತು. ಅಷ್ಟು ಹೊತ್ತಿಗೆ ಜಾರ್ಜ್ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ‘ಇಂಡಿಯಾಕ್ರಾಫ್ಟ್’ ಎಂಬ ಅಂಗಡಿಯಲ್ಲಿ ಒಂದು ಸಾಧಾರಣ ಸಿತಾರ್ ಕೊಂಡಿದ್ದ. ಪಂಡಿತ್ ರವಿಶಂಕರ್ ಎಂಬ ಹೆಸರೂ ಕಿವಿಗೆ ಬಿದ್ದಿತ್ತು. ಪಾಠವಾಗಿಲ್ಲ, ಗುರುವಿಲ್ಲ. ಜಾನ್ ಗಿಟಾರಿನಲ್ಲಿ ನುಡಿಸುತ್ತಿದ್ದ ಮಟ್ಟನ್ನೇ ಸಿತಾರಿನ ಮೇಲೆ ಹುಡುಕಿ ಹುಡುಕಿ ನುಡಿಸಿದ. ಮೊದಲ ದಿನದ ಮುದ್ರಣ ಒಪ್ಪಿಗೆಯಾಗಲಿಲ್ಲ. ಅಕ್ಟೋಬರ್ 21ರಂದು ಮತ್ತೆ ಹೊಸದಾಗಿ ಹಾಡಿ ಮುಗಿಸಿದರು.

ಈ ಕೆಲಸದ ನಡುವೆ ಒಂದು ಪೇಚು. ಸಿತಾರಿನ ತಂತಿ ಕಿತ್ತುಹೋಯಿತು! ಗಿಟಾರಿನ ತಂತಿ ಬೇಕಾದರೆ ಬೀದಿಗೊಂದು ಅಂಗಡಿ. ಸಿತಾರ್ ತಂತಿಗೆ 1965ರ ಲಂಡನ್ನಿನಲ್ಲಿ ಎಲ್ಲಿಗೆ ಹೋಗುವುದು? ವಿಚಾರಿಸಿದಾಗ ಸಿಕ್ಕಿದ ಹೆಸರು ‘ಏಷಿಯನ್ ಮ್ಯೂಸಿಕ್ ಸರ್ಕಲ್’. ಅದನ್ನು ನಡೆಸುತ್ತಿದ್ದವರ ಹೆಸರು ಅಯನ ಅಂಗಡಿ!

ಅಂಗಡಿ ಎಂಬ ಮನೆತನದ ಹೆಸರು ಎಲ್ಲಿಯದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಯನ ದೇವ ಅಂಗಡಿಯವರು ಹುಟ್ಟಿದ್ದು 1903ರಲ್ಲಿ, ಇಂದಿನ ಕರ್ನಾಟಕದ ಜಕನೂರು ಎಂಬ ಹಳ್ಳಿಯಲ್ಲಿ. 1920ರ ದಶಕದಲ್ಲೇ ಲಂಡನ್ನಿಗೆ ಹೋದವರು ಅಲ್ಲೇ ನಿಂತರು. ಪತ್ನಿ ಪೆಟ್ರೀಷಿಯಾ ಇಂಗ್ಲಿಷ್ ಮಹಿಳೆ, ಚಿತ್ರ ಕಲಾವಿದೆ. ಗಂಡ ಹೆಂಡತಿ ಸೇರಿ 1946ರಲ್ಲಿ ಕಟ್ಟಿದ ಸಂಸ್ಥೆ ಅದು. ಭಾರತದ ಸಂಗೀತ, ನೃತ್ಯ ಅಂದರೆ ಏನೆಂದು ಅಲ್ಲಿಯ ಜನಕ್ಕೆ ಗೊತ್ತಿಲ್ಲದ ಕಾಲದಲ್ಲಿ ಕಲಾವಿದರನ್ನು ಕರೆಸಿ ಕಛೇರಿ ನಡೆಸಿದರು. ಜಗತ್ಪ್ರಸಿದ್ಧ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು.

ಅದೃಷ್ಟಕ್ಕೆ ಅವರ ಮನೆಯಲ್ಲಿ ಒಂದು ಸಿತಾರ್ ತಂತಿ ಇತ್ತು. ಕಳಿಸಿಕೊಟ್ಟು ಸುಮ್ಮನಾಗಲಿಲ್ಲ. ಮನೆಮಂದಿಯೆಲ್ಲ ಹೊರಟು ಅಬ್ಬೆ ರೋಡಿಗೇ ಹೋಗಿ ತಂತಿ ಕೊಟ್ಟು, ಗಾಜಿನ ಆಚೆಯಿಂದ ರೆಕಾರ್ಡಿಂಗ್ ನೋಡಿದರಂತೆ. ಪೆಟ್ರೀಷಿಯಾ ಅವರು ಅಲ್ಲೇ ಕೂತು ಹುಡುಗರ ರೇಖಾಚಿತ್ರ ಬರೆದರಂತೆ. ಮುಂದೆ ಅವರ ಮಗ ನೆನಪು ಮಾಡಿಕೊಂಡ ಸಂಗತಿ ಇದು.

ಸಿತಾರ್ ಕೊಂಡದ್ದು ಅಂಗಡಿಯಲ್ಲಿ, ತಂತಿ ಸಿಕ್ಕಿದ್ದು ಅಂಗಡಿಯವರಲ್ಲಿ! ಆದರೆ ತಟ್ಟೆಯ ಮೇಲೆ ಎಲ್ಲೂ ಅವರ ಹೆಸರಿಲ್ಲ. ಮರುವರ್ಷ, 1966ರ ಜೂನ್‌ನಲ್ಲಿ, ಜಾರ್ಜ್ ಮೊದಲ ಸಲ ರವಿಶಂಕರ್ ಅವರನ್ನು ಕಂಡದ್ದೂ ಲಂಡನ್ನಿನ ಇದೇ ಅಂಗಡಿಯವರ ಮನೆಯಲ್ಲಿ. ಬೀಟಲ್ಸ್‌ನ ಮುಂದಿನ ತಟ್ಟೆಗಳಲ್ಲಿ ತಬಲಾ, ದಿಲ್‌ರುಬಾ ನುಡಿಸಿದ ಕಲಾವಿದರು ಬಂದದ್ದೂ ಅವರ ಸಂಸ್ಥೆಯ ಮೂಲಕವೇ. 1993ರಲ್ಲಿ ಅಂಗಡಿಯವರು ತೀರಿಕೊಂಡರು. ಅವರ ಊರಿನ ಎಷ್ಟು ಹುಡುಗರಿಗೆ ಈ ಸಂಗತಿ ಗೊತ್ತು?

ಬಸ್ಸು ಹತ್ತಿ ಬಂದ ಹಾಡು

ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡವರಿಗೆ ಇಷ್ಟವಾಗುವ ಸುದ್ದಿ ಇನ್ನೊಂದಿದೆ. ತಟ್ಟೆಯ ಹೃದಯ ಅನ್ನಬಹುದಾದ ‘ಇನ್ ಮೈ ಲೈಫ್’ ಹುಟ್ಟಿದ್ದು ಒಂದು ಬಸ್ ಪ್ರಯಾಣದ ನೆನಪಿನಿಂದ!

ಗದ್ಯದಲ್ಲಿ ನಿನ್ನ ಬದುಕಿನ ಬಗ್ಗೆ ಬರೆಯುತ್ತೀಯ, ಹಾಡಿನಲ್ಲಿ ಯಾಕೆ ಬರೆಯುವುದಿಲ್ಲ ಎಂದು ಒಬ್ಬ ಪತ್ರಕರ್ತರು ಜಾನ್‌ನನ್ನು ಕೆಣಕಿದ್ದರು. ಆ ಮಾತು ಚುಚ್ಚಿತು. ಚಿಕ್ಕಂದಿನಲ್ಲಿ ಮನೆಯಿಂದ ಲಿವರ್‌ಪೂಲ್ ಪೇಟೆಗೆ ಹೋಗುತ್ತಿದ್ದ ಬಸ್ಸಿನ ದಾರಿಯನ್ನು ನೆನೆದು ಬರೆಯಲು ಕೂತ. ಪೆನ್ನಿ ಲೇನ್ ಬಂತು, ಆ ಸ್ಟಾಪು, ಈ ಕಟ್ಟಡ, ಎಲ್ಲ ಬಂತು. ಓದಿ ನೋಡಿದ. ಶಾಲೆಯ ಹುಡುಗ ರಜೆಯ ಬಗ್ಗೆ ಬರೆದ ಪ್ರಬಂಧದ ಹಾಗಿದೆ! ಹರಿದು ಎಸೆದ ಹಾಗೆಯೇ ಆಯಿತು. ಊರುಗಳ ಹೆಸರೆಲ್ಲ ಬಿಟ್ಟುಬಿಟ್ಟ. ಆಗ ಉಳಿದದ್ದು ಏನು? ಕೆಲವು ಜಾಗ ಬದಲಾಗಿವೆ, ಕೆಲವು ಇಲ್ಲವಾಗಿವೆ. ಕೆಲವು ಗೆಳೆಯರು ಇದ್ದಾರೆ, ಕೆಲವರು ಹೋಗಿದ್ದಾರೆ. ಎಲ್ಲರನ್ನೂ ಪ್ರೀತಿಸಿದ್ದೇನೆ ಅನ್ನುವ ಭಾವ. ಊರು ಬಿಟ್ಟು ಕೆಲಸ ಹುಡುಕಿ ಹೋದ ಯಾವ ಹುಡುಗನಾದರೂ ತನ್ನದು ಅನ್ನಬಹುದಾದ ಹಾಡು. ಬರೆದಾಗ ಜಾನ್‌ಗೆ ಇನ್ನೂ 25!

ರಾಗ ಹಾಕಿದವರು ಯಾರು ಎಂಬ ಬಗ್ಗೆ ಜಾನ್ ಮತ್ತು ಪಾಲ್ ಹೇಳಿಕೆ ಒಂದಕ್ಕೊಂದು ಕೂಡುವುದಿಲ್ಲ. ಅದು ಹಾಗೇ ಉಳಿದುಹೋಯಿತು.

ನಡುವೆ ಬರುವ ಬಿ.ಜಿ.ಎಂ. ಕೇಳಿದ್ದೀರಾ? ಹಳೆಯ ಕಾಲದ ಅರಮನೆಯಲ್ಲಿ ನುಡಿಸುವ ಹಾರ್ಪ್ಸಿಕಾರ್ಡ್ ವಾದ್ಯದ ಹಾಗಿದೆ. ಅದು ಹಾರ್ಪ್ಸಿಕಾರ್ಡ್ ಅಲ್ಲ ಸ್ವಾಮಿ, ಪಿಯಾನೋ! ಅಕ್ಟೋಬರ್ 22ರಂದು ಜಾರ್ಜ್ ಮಾರ್ಟಿನ್ ಅವರೇ ನುಡಿಸಿದ್ದು. ಹಾಡಿನ ವೇಗಕ್ಕೆ ಕೈ ಓಡುವುದು ಕಷ್ಟವಾಯಿತು. ಆಗ ಒಂದು ಉಪಾಯ ಮಾಡಿದರು. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ, ಒಂದು ಸ್ಥಾಯಿ ಕೆಳಗೆ, ನಿಧಾನವಾಗಿ ನುಡಿಸಿದರು. ಆಮೇಲೆ ಟೇಪನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಸ್ವರ ಮೇಲೇರಿತು, ವೇಗ ಎರಡರಷ್ಟಾಯಿತು, ನಾದ ಚೂಪಾಯಿತು. 33ರ ತಟ್ಟೆಯನ್ನು 45ರ ವೇಗದಲ್ಲಿ ತಿರುಗಿಸಿ ತಮಾಷೆ ನೋಡಿದವರಿಗೆ ಇದರ ಗುಟ್ಟು ತಟ್ಟನೆ ಹೊಳೆಯುತ್ತದೆ.

ಕಾರೇ ಇಲ್ಲದ ತಾರೆ!

ಉಳಿದ ಹಾಡುಗಳಲ್ಲೂ ಹೊಸತನ ಉಂಟು. ಮೊದಲ ಹಾಡು ‘ಡ್ರೈವ್ ಮೈ ಕಾರ್’ ನಮ್ಮ ಸಿನಿಮಾ ಹುಚ್ಚರಿಗೆ ಹೇಳಿ ಮಾಡಿಸಿದ್ದು. ಒಬ್ಬಳಿಗೆ ತಾರೆಯಾಗುವ ಆಸೆ. ನನ್ನ ಕಾರಿಗೆ ನೀನು ಡ್ರೈವರ್ ಆಗು, ಆಮೇಲೆ ಪ್ರೀತಿಯ ವಿಚಾರ ನೋಡೋಣ ಅಂತಾಳೆ. ಇವನು ಒಪ್ಪಿದ ಮೇಲೆ ಗೊತ್ತಾಗುತ್ತದೆ, ಕಾರೇ ಇಲ್ಲ! ಪಾಲ್ ಮೊದಲು ತಂದದ್ದು ಚಿನ್ನದ ಉಂಗುರದ ಸವಕಲು ಸಾಲುಗಳನ್ನು. ಜಾನ್ ಮುಖದ ಮೇಲೆಯೇ ಚೆನ್ನಾಗಿಲ್ಲ ಅಂದ. ಇಬ್ಬರೂ ಕೂತು ಬದಲಿಸಿದರು. ಒಳ್ಳೆಯ ಗೆಳೆಯ ಅಂದರೆ ಅವನೇ ಅಲ್ಲವೆ?

‘ನೋವೇರ್ ಮ್ಯಾನ್’ನಲ್ಲಿ ಪ್ರೇಮದ ಸುಳಿವೇ ಇಲ್ಲ. ಗೊತ್ತು ಗುರಿ ಇಲ್ಲದೆ ಕೂತ ಒಬ್ಬ ಮನುಷ್ಯನ ಹಾಡು. ಗಂಟೆಗಟ್ಟಲೆ ಕೂತರೂ ಹಾಡು ಹೊಳೆಯದೆ ಕೈಚೆಲ್ಲಿ ಮಲಗಿದಾಗ ಇದು ತಾನಾಗಿ ಬಂತು ಎಂದ ಜಾನ್. ಬೀಟಲ್ಸ್ ಅಂದರೆ ಪ್ರೇಮಗೀತೆ ಎಂದುಕೊಂಡವರಿಗೆ ಇದು ಹೊಸ ರುಚಿ. ಪಾಲ್ ಹಾಡಿದ ‘ಮಿಶೆಲ್’ನಲ್ಲಿ ಅರೆಬರೆ ಫ್ರೆಂಚ್. ಫ್ರೆಂಚ್ ಕಲಿಸುತ್ತಿದ್ದ ಗೆಳೆಯನ ಹೆಂಡತಿಯನ್ನು ಕೇಳಿ ಸೇರಿಸಿದ ಮಾತುಗಳವು. ಆ ಹಾಡಿಗೆ 1967ರಲ್ಲಿ ವರ್ಷದ ಹಾಡೆಂದು ಗ್ರ್ಯಾಮಿ ಪ್ರಶಸ್ತಿ ಬಂತು. ‘ದಿ ವರ್ಡ್’ ಹಾಡಿಗೆ ಮಾರ್ಟಿನ್ ಅವರು ಹಾರ್ಮೋನಿಯಂ ನುಡಿಸಿದರು. ಜಾರ್ಜ್ ಹ್ಯಾರಿಸನ್ ತನ್ನದೇ ಎರಡು ಹಾಡು ಕೊಟ್ಟ. ‘ವಾಟ್ ಗೋಸ್ ಆನ್’ ಹಾಡಿನಲ್ಲಿ ರಿಂಗೋ ಹೆಸರೂ ಮೊದಲ ಸಲ ಗೀತ ರಚನೆಯವರ ಪಟ್ಟಿಯಲ್ಲಿ ಸೇರಿತು.

ಎಲ್ಲವೂ ಮುತ್ತು ಅಂತ ನಾನು ಹೇಳುವುದಿಲ್ಲ. ‘ವೇಟ್’ ಹಾಡು ‘ಹೆಲ್ಪ್!’ ತಟ್ಟೆಗೆಂದು ಮಾಡಿ ಬಿಟ್ಟಿದ್ದದ್ದು. ಲೆಕ್ಕ ತುಂಬಲು ಸೇರಿಸಿದ್ದು ಗೊತ್ತಾಗಿಬಿಡುತ್ತದೆ.

ಹೆಸರೇ ಇಲ್ಲದ ಮುಖಚಿತ್ರ

ತಟ್ಟೆಯ ಕವರ್ ನೋಡಿ. ನಾಲ್ಕು ಮುಖ ಸ್ವಲ್ಪ ಉದ್ದಕ್ಕೆ ಎಳೆದ ಹಾಗಿವೆ. ತೆಗೆದವರು ರಾಬರ್ಟ್ ಫ್ರೀಮನ್, ಜಾನ್ ಮನೆಯ ತೋಟದಲ್ಲಿ. ಆಮೇಲೆ ಸ್ಲೈಡನ್ನು ತಟ್ಟೆಯ ಅಳತೆಯ ಒಂದು ರಟ್ಟಿನ ಮೇಲೆ ಬಿಟ್ಟು ತೋರಿಸುತ್ತಿದ್ದಾಗ ರಟ್ಟು ಹಿಂದಕ್ಕೆ ವಾಲಿತು. ಚಿತ್ರ ಉದ್ದವಾಯಿತು. ಬೇರೆ ಯಾರಾದರೂ ಆಗಿದ್ದರೆ ಸರಿಮಾಡಿ ಅನ್ನುತ್ತಿದ್ದರು. ಇವರು ಹಾಗೇ ಇರಲಿ ಅಂದರು! ತಂಡದ ಹೆಸರನ್ನೂ ಮುಂದೆ ಹಾಕಿಸಲಿಲ್ಲ. ಪೋಸ್ಟರಿನಲ್ಲಿ ಹೆಸರು ದಪ್ಪಕ್ಷರದಲ್ಲಿ ಬರಬೇಕೆಂದು ಜಗಳವಾಡುವ ಸಿನಿಮಾ ಲೋಕ ಬಲ್ಲ ನಮಗೆ ಇದು ಸಣ್ಣ ಸಂಗತಿಯಲ್ಲ.

‘ರಬ್ಬರ್ ಸೋಲ್’ ಹೆಸರಿನಲ್ಲೂ ಚೇಷ್ಟೆ. ‘ಸೋಲ್’ ಎಂದರೆ ಅಮೆರಿಕದ ಕರಿಯ ಜನರ ಎದೆಯಾಳದ ಸಂಗೀತ. ಬಿಳಿಯರು ಅದನ್ನು ನಕಲು ಮಾಡಿದರೆ ‘ಪ್ಲಾಸ್ಟಿಕ್ ಸೋಲ್’ ಅಂತ ಲೇವಡಿ. ಆ ಮಾತು ಪಾಲ್ ಕಿವಿಗೆ ಬಿದ್ದಿತ್ತು. ನಮ್ಮದು ರಬ್ಬರ್ ಅಂದುಕೊಂಡರು, ಬೂಟಿನ ಅಡಿಯ ‘ಸೋಲ್’ ಕೂಡ ಆಯಿತು! ಅರಮನೆಯಲ್ಲಿ ಪದಕ ಪಡೆದ ತಂಡ ತನ್ನನ್ನೇ ಗೇಲಿ ಮಾಡಿಕೊಂಡದ್ದು ಹೀಗೆ.

ಅಭಿಮಾನಿ ಕೈಬಿಟ್ಟನೆ?

ಇಲ್ಲ. ಆ ಕ್ರಿಸ್‌ಮಸ್ ಹೊತ್ತಿಗೇ ‘ದಿ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ತಟ್ಟೆಯನ್ನು ಕೆಳಗಿಳಿಸಿ ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಎಂಟು ವಾರ ಅಲ್ಲೇ ಕೂತಿತು. ಅಮೆರಿಕದಲ್ಲಿ ಕಂಪನಿಯವರು ನಾಲ್ಕು ಹಾಡು ಕಿತ್ತು, ಬೇರೆ ಎರಡು ಸೇರಿಸಿ, 12 ಹಾಡಿನ ತಟ್ಟೆ ಮಾಡಿ ಮಾರಿದರು. ಅದನ್ನೇ ಕೇಳಿ ‘ಬೀಚ್ ಬಾಯ್ಸ್’ ತಂಡದ ಬ್ರಯಾನ್ ವಿಲ್ಸನ್‌ಗೆ ನಿದ್ದೆ ಕೆಟ್ಟಿತು. ಇಡೀ ತಟ್ಟೆಯೇ ಒಂದು ಕೃತಿಯಾಗಬಹುದೆಂದು ಹೊಳೆದು, 1966ರಲ್ಲಿ ‘ಪೆಟ್ ಸೌಂಡ್ಸ್’ ತಂದ. ಅದನ್ನು ಕೇಳಿ ಹುರುಪುಗೊಂಡ ಬೀಟಲ್ಸ್ 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಮಾಡಿದರು. ಪೈಪೋಟಿ ಅಂದರೆ ಹೀಗಿರಬೇಕು!

ಚೀರಾಟದ ನಡುವೆ ಹಾಡುವುದು ಅವರಿಗೆ ಸಾಕಾಗಿತ್ತು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟು ಕೊನೆಯ ಕಛೇರಿ ಮಾಡಿ ಪ್ರವಾಸಕ್ಕೆ ಮುಕ್ತಾಯ ಹಾಡಿದರು. ಮುಂದಿನದೆಲ್ಲ ಸ್ಟುಡಿಯೋದಲ್ಲೇ. ಜಾನ್ 1980ರಲ್ಲಿ ಗುಂಡಿಗೆ ಬಲಿಯಾದ. ಜಾರ್ಜ್ 2001ರಲ್ಲಿ, ಮಾರ್ಟಿನ್ ಅವರು 2016ರಲ್ಲಿ ತೀರಿಕೊಂಡರು. ತಟ್ಟೆ ಮಾತ್ರ ಇನ್ನೂ ತಿರುಗುತ್ತಲೇ ಇದೆ.

ನಮ್ಮ ಹೀರೋ ಮೊನ್ನೆ ಇದ್ದ ಹಾಗೆಯೇ ನಾಳೆಯೂ ಇರಲಿ ಅಂತ ನಾವು ಹಟ ಹಿಡಿಯುತ್ತೇವೆ. ತೆರೆಯ ಮೇಲೆ ಸ್ವಲ್ಪ ಬೇರೆ ಥರ ಕಂಡರೆ ಸಾಕು, ಟಾಕೀಸಿನಿಂದ ಎದ್ದು ಬಂದು ಬೈಯುತ್ತೇವೆ. 1965ರ ಅಭಿಮಾನಿಗಳು ಕುಣಿಯಲು ಬಂದವರು. ಕೂತು ಕೇಳುವ ಹಾಡು ಕೊಟ್ಟಾಗಲೂ ಎದ್ದು ಹೋಗಲಿಲ್ಲ. ಹುಡುಗರು ಬೆಳೆದದ್ದು ಅರ್ಧ ತಮ್ಮ ಧೈರ್ಯದಿಂದ, ಇನ್ನರ್ಧ ಆ ಅಭಿಮಾನಿಗಳ ತಾಳ್ಮೆಯಿಂದ.

ಎಲ್ಲಾದರೂ ಸಿಕ್ಕಿದರೆ ಆ ತಟ್ಟೆಯ ಎರಡನೆಯ ಹಾಡನ್ನು ಕೇಳಿ. ಗಿಟಾರಿನ ಹಿಂದೆಯೇ ಕಲಿಯದ ಕೈಯ ಒಂದು ಸಿತಾರ್ ಮಿಡಿಯುತ್ತದೆ. ಜಕನೂರಿನ ಅಂಗಡಿಯವರನ್ನು ಒಮ್ಮೆ ನೆನೆಯಿರಿ.